ಅಂಗಡಿ ಲೆಕ್ಕ ದಿನಾ, ಮಗನ ಲೆಕ್ಕ ವರ್ಷಕ್ಕೊಮ್ಮೆ!

ಮಂಡಿಪೇಟೆಯಲ್ಲಾಗಲಿ, ಚೌಕಿಪೇಟೆಯಲ್ಲಾಗಲಿ, ರಾತ್ರಿ ಶಟರ್ ಎಳೆಯುವ ಮುಂಚೆ ಗಲ್ಲಾಪೆಟ್ಟಿಗೆ ಲೆಕ್ಕ ನೋಡದ ವ್ಯಾಪಾರಿ ಒಬ್ಬನಾದರೂ ಇದ್ದಾನೆಯೇ? ಇಲ್ಲ. ಹತ್ತು ರೂಪಾಯಿ ಕಮ್ಮಿ ಬಂದರೂ ಸರಿ, ಚೀಟಿ ತಿರುವಿ ಹಾಕ್ತಾರೆ, ಉದ್ರಿ ಪುಸ್ತಕ ತೆಗೀತಾರೆ, ಕೆಲಸದ ಹುಡುಗನನ್ನು ಕರೆದು ಕೇಳ್ತಾರೆ. ಲೆಕ್ಕ ಕೂಡಿದ ಮೇಲೇ ಬೀಗ.

ಅದೇ ವ್ಯಾಪಾರಿಯನ್ನು, 'ಸ್ವಾಮೀ, ನಿಮ್ಮ ಮಗ ಎಂಟನೇ ಕ್ಲಾಸಿನಲ್ಲಿ ಲೆಕ್ಕ ಹೇಗೆ ಮಾಡ್ತಾನೆ?' ಎಂದು ಕೇಳಿ ನೋಡಿ. 'ಸ್ಕೂಲಿಗೆ ಹೋಗ್ತಾನಲ್ರೀ, ಮೇಷ್ಟ್ರು ನೋಡ್ಕೋತಾರೆ' ಎಂಬ ಉತ್ತರ ಬರುತ್ತದೆ. ಮೇಷ್ಟ್ರನ್ನು ಹೋಗಿ ಕೇಳಿ. 'ಮನೇಲಿ ಯಾರೂ ನೋಡೋದಿಲ್ಲ ಸಾರ್, ನಾವೊಬ್ಬರೇ ಏನ್ ಮಾಡೋದು?' ಎನ್ನುತ್ತಾರೆ. ಅಪ್ಪನ ಲೆಕ್ಕದಲ್ಲಿ ಹುಡುಗ ಮೇಷ್ಟ್ರ ಖಾತೆಗೆ ಹೋಗಿದ್ದಾನೆ. ಮೇಷ್ಟ್ರ ಲೆಕ್ಕದಲ್ಲಿ ಅವನು ಅಪ್ಪನ ಖಾತೆಯಲ್ಲಿದ್ದಾನೆ. ಎರಡು ಪುಸ್ತಕದಲ್ಲೂ ಇಲ್ಲದ ಈ ಬಾಕಿ ಕಣ್ಣಿಗೆ ಬೀಳುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ!

ಆವತ್ತು ಮನೆಯಲ್ಲಿ ಗಲಾಟೆ, ಶಾಲೆಯಲ್ಲಿ ಸಬೂಬು. ನಡುವೆ ನಿಂತ ಹುಡುಗನಿಗೆ ಹದಿನಾರೇ ವರ್ಷ.

ಪರದೆ ಸರಿದಾಗ ಕಂಡದ್ದು

ಅಂಕಿ ನೋಡಿ. ರಾಜ್ಯದಲ್ಲಿ 2023ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು ಶೇಕಡಾ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಬಂತು, ಕೂತಲ್ಲೇ ನೋಡುವ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಬಂತು. ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಧಾರಾಳವಾಗಿ ಹಂಚಿದ ಮೇಲೆ! 2025ರಲ್ಲಿ ಆ ಕೃಪಾಂಕವೂ ಹೋಯಿತು. ಮೊದಲ ಪರೀಕ್ಷೆಯ ಫಲಿತಾಂಶ 62.34ಕ್ಕೆ ಬಂದು ನಿಂತಿತು.

ಎರಡೇ ವರ್ಷದಲ್ಲಿ ನಮ್ಮ ಮಕ್ಕಳು ದಡ್ಡರಾದರೇ? ಖಂಡಿತ ಇಲ್ಲ. ಮೊದಲೂ ಇಷ್ಟೇ ಕಲಿಯುತ್ತಿದ್ದರು, ಪರದೆ ಮುಚ್ಚಿತ್ತು. ಕ್ಯಾಮರಾ ಆ ಪರದೆಯನ್ನು ಸರಿಸಿತು, ಅಷ್ಟೆ.

ಇನ್ನೊಂದು ಅಂಕಿ. ಅದೇ 2025ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಫಲಿತಾಂಶ ಶೇಕಡಾ 91.12, ಕಲಬುರಗಿಯದು 42.43. ಪ್ರಶ್ನೆಪತ್ರಿಕೆ ಒಂದೇ, ಪಠ್ಯಪುಸ್ತಕ ಒಂದೇ. ಕರಾವಳಿಯ ಮಕ್ಕಳೇನು ಎರಡು ತಲೆ ಹೊತ್ತು ಹುಟ್ಟಿದವರಲ್ಲ. ಬಡತನ, ಗುಳೆ, ಖಾಲಿ ಬಿದ್ದ ಶಿಕ್ಷಕರ ಹುದ್ದೆ, ಶಾಲೆಯ ದೂರ, ತಾಯಿಯ ಓದು, ಹೀಗೆ ಕಾರಣಗಳು ಹತ್ತಾರು. ಒಂದೇ ಕಾರಣಕ್ಕೆ ಗಂಟು ಹಾಕುವುದು ತಪ್ಪು. ಆದರೆ ಹುದ್ದೆ ತುಂಬುವುದು ಬೆಂಗಳೂರಿನ ಕೈಯಲ್ಲಿದೆ. ಮಳೆ ದೇವರ ಕೈಯಲ್ಲಿದೆ. ನಮ್ಮ ಕೈಯಲ್ಲೇ ಇದ್ದು, ಕಾಸು ಖರ್ಚಿಲ್ಲದೆ ಆಗುವ ಕೆಲಸ ಒಂದಿದೆ. ಮನೆಯವರೂ ಮೇಷ್ಟ್ರೂ ವರ್ಷವಿಡೀ ಮಾತಾಡಿಕೊಳ್ಳುವುದು. ಈ ಅಂಕಣದ ವಿಷಯ ಅದೊಂದೇ.

ಕಾಯಿದೆ ಪುಸ್ತಕದಲ್ಲಿ ಎಲ್ಲ ಇದೆ

ಕಾಯಿದೆ ಇಲ್ಲವೆಂದು ದೂರುವ ಹಾಗೇನಿಲ್ಲ. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲೇ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ಎಸ್.ಡಿ.ಎಂ.ಸಿ. ಬಂತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂದು ಪೂರ್ಣ ಹೆಸರು. ಮಕ್ಕಳ ತಂದೆತಾಯಿಯೇ ಇದರ ಸದಸ್ಯರು, ಅವರಲ್ಲೊಬ್ಬರೇ ಅಧ್ಯಕ್ಷರು.

ಆಮೇಲೆ ಕೇಂದ್ರದ ಶಿಕ್ಷಣ ಹಕ್ಕು ಕಾಯಿದೆ, 2009ರದು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 21ನೇ ಕಲಮಿನ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿ, ಪೋಷಕರೇ ಇರಬೇಕು. ಅರ್ಧ ಭಾಗ ಹೆಂಗಸರಿರಬೇಕು. 22ನೇ ಕಲಮಿನ ಪ್ರಕಾರ ಶಾಲೆಯ ಅಭಿವೃದ್ಧಿ ಯೋಜನೆಯನ್ನು ಆ ಸಮಿತಿಯೇ ತಯಾರು ಮಾಡಬೇಕು. 24ನೇ ಕಲಮು ಇನ್ನೂ ಸ್ಪಷ್ಟ. ಮಗುವಿನ ಹಾಜರಿ ಹೇಗಿದೆ, ಕಲಿಯುವ ಶಕ್ತಿ ಎಷ್ಟಿದೆ, ಎಲ್ಲಿಯವರೆಗೆ ಕಲಿತಿದೆ ಎಂಬುದನ್ನು ಪೋಷಕರನ್ನು ಆಗಾಗ್ಗೆ ಕರೆದು ತಿಳಿಸುವುದು ಶಿಕ್ಷಕರ ಕರ್ತವ್ಯ. ಮರ್ಜಿಗೆ ಬಿಟ್ಟದ್ದಲ್ಲ, ಕರ್ತವ್ಯ!

ಇನ್ನೊಂದು ಕಡೆ, ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಓದುವ ಅವಕಾಶ ಕೊಡುವುದು ತಂದೆತಾಯಿಯ ಮೂಲಭೂತ ಕರ್ತವ್ಯ ಎಂದು ಸಂವಿಧಾನಕ್ಕೇ 2002ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಅಂದರೆ ಇಬ್ಬರಿಗೂ ಹೊಣೆ ಇದೆ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿ ಪಾರಾಗುವ ಹಾಗಿಲ್ಲ.

ಆದರೆ ನಡೆಯುವುದೇನು? ಅನೇಕ ಕಡೆ ಎಸ್.ಡಿ.ಎಂ.ಸಿ. ಅಂದರೆ ಸುಣ್ಣ ಬಣ್ಣ, ಕಾಂಪೌಂಡು, ಚೆಕ್ಕಿಗೆ ಎರಡು ಸಹಿ, ಆಗಸ್ಟ್ ಹದಿನೈದಕ್ಕೆ ಸಿಹಿ ಹಂಚಿಕೆ. ಇವೂ ಬೇಕಾದ ಕೆಲಸವೇ, ಇಲ್ಲವೆನ್ನುವುದಿಲ್ಲ. ಗೋಡೆ ಬಿರುಕು ಬಿಟ್ಟದ್ದು ಸಭೆಯ ನಡಾವಳಿಗೆ ಬರುತ್ತದೆ. ಆರನೇ ಕ್ಲಾಸಿನ ಐದು ಮಕ್ಕಳಿಗೆ ಕಾಗುಣಿತ ಬರುವುದಿಲ್ಲ ಎಂಬುದು ಬರುವುದಿಲ್ಲ. ಕೆಲವು ಊರುಗಳಲ್ಲಂತೂ ಅಧ್ಯಕ್ಷಗಿರಿ ಅನ್ನೋದು ಗ್ರಾಮ ಪಂಚಾಯಿತಿ ಎಲೆಕ್ಷನ್ನಿಗೆ ಮೊದಲ ಮೆಟ್ಟಿಲು!

ಖಾಸಗಿ ಶಾಲೆಯವರು ನಗಬೇಕಾಗಿಲ್ಲ. ಸರ್ಕಾರದ ಅನುದಾನವಿಲ್ಲದ ಶಾಲೆಗೆ ಈ 21ನೇ ಕಲಮು ಅನ್ವಯಿಸುವುದಿಲ್ಲ. ಅಲ್ಲಿ ಪೋಷಕ ಎಂದರೆ ಗಿರಾಕಿ. ಫೀಸು ಕಟ್ಟಿದ ರಸೀದಿ ಕೈಗೆ ಬಂದರೆ 'ನಮ್ಮ ಕೆಲಸ ಮುಗೀತು' ಎಂದು ಅಪ್ಪನೂ ಅಂದುಕೊಳ್ತಾನೆ. ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುವುದೂ ಕೊಡದೆ ಕೈ ತೊಳೆದುಕೊಳ್ಳುವುದೂ ಮಗುವಿನ ಪಾಲಿಗೆ ಒಂದೇ.

ಸಭೆ ಸೇರಿಸಿದರೆ ಸಾಕೆ?

'ಹಾಗಾದರೆ ತಿಂಗಳಿಗೊಂದು ಪೋಷಕರ ಸಭೆ ಕಡ್ಡಾಯ ಮಾಡಿ' ಎನ್ನುವವರಿದ್ದಾರೆ. ಬರೀ ಸಭೆಯಿಂದ ಏನಾಗುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅದನ್ನು ಸ್ವಲ್ಪ ಕೇಳಿ.

ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆ. ಅಲ್ಲಿ 2005ರ ಹೊತ್ತಿಗೆ 280 ಹಳ್ಳಿಗಳಲ್ಲಿ 'ಪ್ರಥಮ್' ಸಂಸ್ಥೆಯ ಜತೆ ಸೇರಿ ಒಂದು ಅಧ್ಯಯನ ನಡೆಯಿತು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಆ ತಂಡದಲ್ಲಿದ್ದರು. ಅಲ್ಲೂ ನಮ್ಮ ಹಾಗೆಯೇ ಊರಿಗೊಂದು ಶಿಕ್ಷಣ ಸಮಿತಿ ಇತ್ತು. ಆದರೆ ನೂರಕ್ಕೆ 92 ಪೋಷಕರಿಗೆ ಅಂಥದೊಂದು ಸಮಿತಿ ಇದೆಯೆಂಬುದೇ ಗೊತ್ತಿರಲಿಲ್ಲ!

ಕೆಲವು ಹಳ್ಳಿಗಳಲ್ಲಿ ಸಭೆ ಸೇರಿಸಿ ಹಕ್ಕುಬಾಧ್ಯತೆ ತಿಳಿಸಿದರು. ಇನ್ನು ಕೆಲವು ಕಡೆ ಮಕ್ಕಳ ಓದನ್ನು ಅಳೆಯುವ ವಿಧಾನವನ್ನೂ ಊರವರಿಗೆ ಹೇಳಿಕೊಟ್ಟರು. ಮೂರನೇ ಗುಂಪಿನ ಹಳ್ಳಿಗಳಲ್ಲಿ ಇವೆರಡರ ಜತೆಗೆ ಊರಿನ ಹುಡುಗ ಹುಡುಗಿಯರಿಗೆ, ಸಣ್ಣ ಮಕ್ಕಳಿಗೆ ಓದು ಕಲಿಸುವ ಸರಳ ರೀತಿಯನ್ನು ಕಲಿಸಿ, ಶಾಲೆ ಬಿಟ್ಟ ಮೇಲೆ ಓದಿನ ಶಿಬಿರ ನಡೆಸಲು ಬಿಟ್ಟರು.

ಫಲಿತಾಂಶ? ಮೊದಲ ಎರಡು ರೀತಿಯಿಂದ ಮಕ್ಕಳ ಕಲಿಕೆ ಮೇಲೇಳಲಿಲ್ಲ. ಸಭೆ ನಡೆಯಿತು, ಜನ ಮನೆಗೆ ಹೋದರು. ಮೂರನೆಯದರಲ್ಲಿ ಶಿಬಿರಕ್ಕೆ ಬಂದ ಮಕ್ಕಳ ಓದು ಸುಧಾರಿಸಿತು.

ಇದರಲ್ಲಿರುವ ಪಾಠ ನಮಗೆ ಹೊಸದೇನಲ್ಲ. ಭಾಷಣ ಕೇಳಿದವನು ಚಪ್ಪಾಳೆ ತಟ್ಟಿ ಎದ್ದು ಹೋಗ್ತಾನೆ. 'ನೀನು ಇದೊಂದು ಕೆಲಸ ಮಾಡಪ್ಪಾ' ಎಂದು ಕೈಗೆ ಕೊಟ್ಟರೆ ಮಾಡ್ತಾನೆ. ನಮ್ಮ ಪೋಷಕರ ಸಭೆಗಳಲ್ಲಿ ಕೈಗೆ ಕೊಡುವ ಕೆಲಸ ಯಾವುದು? 'ಮಕ್ಕಳ ಕಡೆ ಗಮನ ಕೊಡಿ' ಎನ್ನುತ್ತಾರೆ. ಗಮನ ಕೊಡುವುದು ಅಂದರೆ ಏನು ಮಾಡಬೇಕು, ಎಷ್ಟು ಹೊತ್ತಿಗೆ ಮಾಡಬೇಕು? ಅದನ್ನು ಯಾರೂ ಹೇಳುವುದಿಲ್ಲ.

ಕುರ್ಚಿ ಖಾಲಿ ಏಕೆ?

ದಾವಣಗೆರೆ ಎಂದರೆ ಹೊರಗಿನವರಿಗೆ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳ ಊರು. ಆ ಕಾಲೇಜುಗಳಿಂದ ಅರ್ಧ ತಾಸಿನ ದಾರಿಯಲ್ಲಿ ಮಂಡಕ್ಕಿ ಭಟ್ಟಿಗಳಿವೆ. ನಸುಕಿನಲ್ಲೇ ಎದ್ದು ಭಟ್ಟಿಗೆ ಹೋಗುವ ತಾಯಿಗೆ, ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಗೆ, ಮೆಕ್ಕೆಜೋಳದ ಹೊಲದಲ್ಲಿ ಕೂಲಿಗೆ ನಿಂತವಳಿಗೆ, 'ಬೆಳಿಗ್ಗೆ ಹನ್ನೊಂದಕ್ಕೆ ಪೋಷಕರ ಸಭೆ ಇದೆ, ತಪ್ಪದೆ ಬನ್ನಿ' ಎಂದು ಚೀಟಿ ಕಳಿಸಿದರೆ ಹೇಗೆ ಬರಬೇಕು? ಬಂದರೆ ಆ ದಿನದ ಕೂಲಿ ಹೋಯಿತು. ಬರದಿದ್ದರೆ 'ಬೇಜವಾಬ್ದಾರಿ ಪೋಷಕರು' ಎಂಬ ಬಿರುದು!

ಅಂಗಡಿಯವರ ಗತಿಯೂ ಅಷ್ಟೆ. ವ್ಯಾಪಾರದ ಹೊತ್ತಿನಲ್ಲಿ ಗಲ್ಲಾ ಬಿಟ್ಟು ಏಳುವ ಹಾಗಿಲ್ಲ. ಚನ್ನಗಿರಿ ಕಡೆ ಅಡಿಕೆ ಕೊಯ್ಲು ಶುರುವಾದರೆ ಸುಲಿಯೋದಕ್ಕೆ ಮನೆ ಮಂದಿಯೆಲ್ಲ ಕೂರಬೇಕು. ಸಭೆಯಿರಲಿ, ಮಕ್ಕಳೇ ಕ್ಲಾಸಿಗೆ ಹೋಗುವುದು ಕಷ್ಟ.

ಇನ್ನೊಂದು ಕಾರಣವಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾಚಿಕೆ. ಹೆಬ್ಬೆಟ್ಟಿನ ತಂದೆಗೆ ಶಾಲೆ ಗೇಟು ದಾಟುವುದೆಂದರೆ ಇವತ್ತಿಗೂ ಎದೆ ಡವಗುಟ್ಟುತ್ತದೆ. ಅವನನ್ನು ಕರೆಸುವುದು ಯಾವಾಗ? ಮಗ ಕಿಟಕಿ ಗಾಜು ಒಡೆದಾಗ, ಟೆಸ್ಟಿನಲ್ಲಿ ಮೂರು ಮಾರ್ಕ್ಸ್ ತೆಗೆದಾಗ. ಹತ್ತು ಜನರೆದುರು 'ನಿಮ್ಮ ಹುಡುಗ ಏನೂ ಪ್ರಯೋಜನ ಇಲ್ಲ' ಎಂದರೆ ಆ ಮನುಷ್ಯ ಇನ್ನೊಂದು ಸಲ ಬರ್ತಾನೆಯೇ? 'ಕಣ್ಣೊಂದು ಬಿಟ್ಟು ಎಲ್ಲಾ ಕಡೆ ಬಾರಿಸ್ರಿ ಸಾರ್' ಎಂದು ಹೇಳಿ ಎದ್ದು ಹೋಗ್ತಾನೆ. ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮಿನ ಪ್ರಕಾರ ಮಕ್ಕಳನ್ನು ಹೊಡೆಯುವ ಹಾಗಿಲ್ಲ, ಮನಸ್ಸಿಗೆ ಹಿಂಸೆಯನ್ನೂ ಕೊಡುವ ಹಾಗಿಲ್ಲ. ಆ ತಂದೆಗೆ ಬೇರೇನು ಮಾಡಬಹುದೆಂದು ಹೇಳಿಕೊಟ್ಟವರೂ ಇಲ್ಲ. ಬೆತ್ತ ಒಂದೇ ಅವನಿಗೆ ಗೊತ್ತಿರುವ ಪಾಠ.

ಮೇಷ್ಟ್ರ ಕಡೆಯ ವಾದ

ಮೇಷ್ಟ್ರನ್ನು ಬೈದು ಅಂಕಣ ತುಂಬಿಸುವುದು ಸುಲಭ. ಅವರ ಕಷ್ಟವನ್ನೂ ಕೇಳಬೇಕು. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಆನ್‌ಲೈನ್‌ನಲ್ಲಿ ತುಂಬುವ ಮಾಹಿತಿ, ಮತದಾರರ ಪಟ್ಟಿ, ಎಲೆಕ್ಷನ್ ಡ್ಯೂಟಿ.

2025ರ ದಸರಾ ಹೊತ್ತಿಗೆ ರಾಜ್ಯದಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಮನೆಮನೆ ಅಲೆದವರು ಯಾರು? ಬಹುಪಾಲು ಇದೇ ಮೇಷ್ಟ್ರುಗಳು, ಮೇಡಮ್ಮುಗಳು. ಕೆಲಸ ಮುಗಿಯಲಿಲ್ಲವೆಂದು ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ವಿಚಿತ್ರ ನೋಡಿ! ಜಾತಿ ಯಾವುದು, ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಕೇಳಲು ಸರ್ಕಾರ ಮೇಷ್ಟ್ರನ್ನು ಪ್ರತಿ ಮನೆ ಬಾಗಿಲಿಗೂ ಕಳಿಸಬಲ್ಲದು. 'ನಿಮ್ಮ ಮಗಳು ಚೆನ್ನಾಗಿ ಓದ್ತಾಳಮ್ಮಾ, ಇಂಗ್ಲಿಷ್ ಒಂದು ಸ್ವಲ್ಪ ಹಿಂದೆ' ಎಂದು ಹೇಳಲು ವರ್ಷಕ್ಕೊಂದು ದಿನವನ್ನೂ ಬಿಡುವು ಮಾಡಿಕೊಡಲಾರದು.

ಹಿಂದೆ ಒಮ್ಮೆ ಇಂಥದು ನಡೆದಿತ್ತು. ಕೊರೋನಾದಿಂದ 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಆಗಸ್ಟಿನಲ್ಲಿ 'ವಿದ್ಯಾಗಮ' ಎಂಬ ಹೆಸರಿನಲ್ಲಿ ಮೇಷ್ಟ್ರುಗಳೇ ಕೇರಿಗೆ ಬಂದು, ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ನಿಲ್ಲಿಸಿದ್ದು ಆ ಹೊತ್ತಿಗೆ ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಆದರೆ ಆ ಕೆಲವು ವಾರ ಅನೇಕ ಮೇಷ್ಟ್ರುಗಳಿಗೆ ತಮ್ಮ ವಿದ್ಯಾರ್ಥಿಯ ಮನೆ ಎಂಥದು ಎಂಬುದು ಕಣ್ಣಿಗೆ ಬಿತ್ತು. ಒಂದೇ ಕೋಣೆ, ಐದು ಜನ, ಒಂದು ಬಲ್ಬು. ಆ ಮನೆ ನೋಡಿ ಬಂದವರು 'ಹೋಂವರ್ಕ್ ಯಾಕೆ ಮಾಡಿಲ್ಲ' ಎಂದು ಕೇಳುವ ಧಾಟಿಯೇ ಬೇರೆಯಾಗುತ್ತದೆ.

ಅಂಗಡಿಯವರೇ, ಏಳು ಗಂಟೆಯ ಕಾನೂನು ಗೊತ್ತೆ?

ಈಗ ನಮ್ಮ ಓದುಗರಾದ ವ್ಯಾಪಾರಿಗಳಿಗೆ ನೇರವಾಗಿ ಒಂದು ಮಾತು. ಬೇಜಾರಾದರೂ ಪರವಾಗಿಲ್ಲ.

ಶಾಲೆ ಬಿಟ್ಟ ಮೇಲೆ ಮಗ ಬಂದು ಗಲ್ಲಾದಲ್ಲಿ ಕೂರುವುದು ನಮ್ಮ ಊರಿನ ಪದ್ಧತಿ. ಅದರಲ್ಲಿ ತಪ್ಪೇನಿಲ್ಲ. ತೂಕ, ಚಿಲ್ಲರೆ, ಗಿರಾಕಿಯ ಜತೆ ಮಾತು, ಇದೂ ವಿದ್ಯೆಯೇ. ಬಾಲಕಾರ್ಮಿಕ ಕಾಯಿದೆಯೂ 2016ರ ತಿದ್ದುಪಡಿಯ ನಂತರ ಇದನ್ನು ಒಪ್ಪುತ್ತದೆ. ಹದಿನಾಲ್ಕು ತುಂಬದ ಮಗು ಸ್ವಂತ ಮನೆಯವರ ವ್ಯಾಪಾರದಲ್ಲಿ ಶಾಲೆಯ ಹೊತ್ತು ಮೀರಿದ ಮೇಲೆ, ಇಲ್ಲವೇ ರಜೆಯಲ್ಲಿ ನೆರವಾಗಬಹುದು. ಅಪಾಯದ ಕೆಲಸವಾಗಿರಬಾರದು. ಬೇರೆಯವರ ಅಂಗಡಿಯಲ್ಲಿ ಇಡುವುದಂತೂ ಅಪರಾಧ.

ಆದರೆ 2017ರ ನಿಯಮದಲ್ಲಿ ಇನ್ನೊಂದು ಸಾಲಿದೆ. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಆ ಮಗುವಿನಿಂದ ಸ್ವಂತ ಅಪ್ಪನೂ ಕೆಲಸ ಮಾಡಿಸುವ ಹಾಗಿಲ್ಲ. ಹಾಗಾದರೆ ರಾತ್ರಿ ಒಂಬತ್ತೂವರೆಗೆ ಗಲ್ಲಾದಲ್ಲಿ ಆಕಳಿಸುತ್ತಾ ಕೂತ ಹುಡುಗರ ಲೆಕ್ಕ ಯಾರು ಕೊಡ್ತಾರೆ?

ಕಾನೂನು ಒತ್ತಟ್ಟಿಗಿರಲಿ. ಸಂಜೆ ಏಳರಿಂದ ಒಂಬತ್ತು ಅಂದರೆ ಓದುವ ಹೊತ್ತು. ವಾರಕ್ಕೆ ಆರು ದಿನದಂತೆ ಹನ್ನೆರಡು ತಾಸು. ತಿಂಗಳಿಗೆ ಐವತ್ತು ತಾಸಿನ ಹತ್ತಿರ. ಅಷ್ಟು ಹೊತ್ತನ್ನು ಮಗ ಗಿರಾಕಿಗೆ ಬ್ರೆಡ್ಡು, ಬೀಡಿ ಕೊಡುವುದರಲ್ಲಿ ಕಳೆದು, ಮಾರ್ಚಿಯಲ್ಲಿ ಟ್ಯೂಷನ್ನಿಗೆ ಸಾವಿರಗಟ್ಟಲೆ ಸುರಿಯುವುದು ಯಾವ ವ್ಯಾಪಾರ ಸ್ವಾಮೀ?

'ಓದಿ ಏನ್ ಮಾಡ್ತಾನ್ರೀ, ಹೆಂಗೂ ಅಂಗಡಿ ಐತಲ್ಲ' ಎಂಬ ವಾದ ಗೊತ್ತು. ಅಂಗಡಿ ಇದೆ, ಸರಿ. ಆದರೆ ಆ ಅಂಗಡಿಗೆ ಜಿ.ಎಸ್.ಟಿ. ತುಂಬಬೇಕು, ಬ್ಯಾಂಕಿನ ಸಾಲದ ಪತ್ರ ಓದಬೇಕು, ಆನ್‌ಲೈನ್ ವ್ಯಾಪಾರದವರ ಜತೆ ಗುದ್ದಾಡಬೇಕು. ಹೆಬ್ಬೆಟ್ಟು ಒತ್ತಿ ಅಂಗಡಿ ನಡೆಸಿದ ಅಜ್ಜನ ಕಾಲ ಮುಗಿಯಿತು. ಅಂಗಡಿ ಉಳಿಯಬೇಕಾದರೂ ಓದು ಬೇಕು.

ಇನ್ನೊಂದು ಉಪಕಾರವನ್ನು ವ್ಯಾಪಾರಿಗಳು ಮಾಡಬಹುದು. ಮಧ್ಯಾಹ್ನ ಹನ್ನೆರಡಕ್ಕೆ ಸಮವಸ್ತ್ರದ ಹುಡುಗ ನಿಮ್ಮ ಅಂಗಡಿ ಮುಂದೆ ಅಡ್ಡಾಡುತ್ತಿದ್ದರೆ ಯಾವ ಶಾಲೆ ಎಂಬುದು ಅಂಗಿ ನೋಡಿದರೇ ಗೊತ್ತಾಗುತ್ತದೆ. ಆ ಶಾಲೆಗೆ ಒಂದು ಫೋನು ಮಾಡಿ. ಹುಡುಗನನ್ನು ಬೈಯುವುದು ಬೇಡ, ಹೊಡೆಯುವುದಂತೂ ಬೇಡವೇ ಬೇಡ. ಒಂದು ಫೋನು ಸಾಕು.

ಸಂಜೆ ಬಸ್ಸು ತಪ್ಪಿದರೆ

ಬಸ್ಸಿನಲ್ಲಿ ನಿಂತು ಈ ಪತ್ರಿಕೆ ಓದುತ್ತಿರುವವರಿಗೆ ಈ ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ವಿಶೇಷ ತರಗತಿ ಇಡುತ್ತಾರೆ. ಒಳ್ಳೆಯದೇ. ಆದರೆ ಹಳ್ಳಿಯಿಂದ ಬರುವ ಹುಡುಗಿಗೆ ಸಂಜೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. 2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಟಿಕೆಟ್ಟು ಹೆಣ್ಣುಮಕ್ಕಳಿಗೆ ಉಚಿತವಾಯಿತು. ಟಿಕೆಟ್ಟೇನೋ ಉಚಿತ, ಹೊತ್ತಿಗೆ ಸರಿಯಾಗಿ ಬಸ್ಸೇ ಇಲ್ಲದಿದ್ದರೆ?

ಮನೆಯಲ್ಲಿ ತಾಯಿ ದಾರಿ ಕಾಯುತ್ತಾಳೆ. ಎರಡು ದಿನ ತಡವಾದರೆ ಮೂರನೇ ದಿನ ಅಪ್ಪ, 'ಸ್ಪೆಷಲ್ ಕ್ಲಾಸೂ ಬೇಡ, ಏನೂ ಬೇಡ' ಎನ್ನುತ್ತಾನೆ. ಶಾಲೆಯ ಹಾಜರಿಯಲ್ಲಿ 'ವಿಶೇಷ ತರಗತಿಗೆ ಗೈರು' ಎಂದು ಬೀಳುತ್ತದೆ. ಮೇಷ್ಟ್ರಿಗೆ ಬಸ್ಸಿನ ಸಂಗತಿ ಗೊತ್ತಿಲ್ಲ. ಅಪ್ಪನಿಗೆ ತರಗತಿಯ ಮಹತ್ವ ಗೊತ್ತಿಲ್ಲ. ಇಬ್ಬರೂ ಹತ್ತು ನಿಮಿಷ ಕೂತು ಮಾತಾಡಿದ್ದರೆ ದಾರಿ ಇತ್ತು. ಅದೇ ತರಗತಿಯನ್ನು ಬೆಳಿಗ್ಗೆ ಇಡಬಹುದು. ಒಂದೇ ದಾರಿಯ ಮಕ್ಕಳನ್ನು ಒಟ್ಟಾಗಿ ಕಳಿಸಬಹುದು. ಎಸ್.ಡಿ.ಎಂ.ಸಿ. ಅಧ್ಯಕ್ಷರು ಹೆಡ್‌ಮಾಸ್ತರ ಸಹಿ ಹಾಕಿಸಿ ಡಿಪೋ ಮ್ಯಾನೇಜರಿಗೆ ಒಂದು ಅರ್ಜಿ ಕೊಡಬಹುದು. ಸುಣ್ಣ ಬಣ್ಣಕ್ಕಿಂತ ದೊಡ್ಡ ಅಭಿವೃದ್ಧಿ ಇದು.

ಮನೆಯವರ ಪಾಲು, ಶಾಲೆಯ ಪಾಲು

ಹಾಗಾದರೆ ಏನು ಮಾಡಬೇಕು? ದೊಡ್ಡ ದೊಡ್ಡ ಮಾತು ಬೇಡ. ವ್ಯಾಪಾರದ ಕರಾರಿನ ಹಾಗೆ ಇಬ್ಬರಿಗೂ ಇಷ್ಟಿಷ್ಟು ಎಂದು ಹಂಚೋಣ.

ಮನೆಯವರ ಪಾಲು ಮೊದಲು. ಒಂದು, ರಾತ್ರಿ ಊಟಕ್ಕೆ ಮುಂಚೆ ಕಾಲು ತಾಸು ಮಗುವಿನಿಂದ ಪಾಠವನ್ನು ಗಟ್ಟಿಯಾಗಿ ಓದಿಸಿ. ನಿಮಗೆ ಓದು ಬರದಿದ್ದರೂ ಚಿಂತೆಯಿಲ್ಲ. ತಡವರಿಸಿತೋ ಸರಾಗವಾಗಿ ಓದಿತೋ ಎಂಬುದು ಕಿವಿಗೆ ತಿಳಿಯುತ್ತದೆ. ತಡವರಿಸಿದರೆ ಮರುದಿನ ಮೇಷ್ಟ್ರಿಗೆ ಹೇಳಿ. ಎರಡು, ಓದುವ ಹೊತ್ತಿನಲ್ಲಿ ಟೀವಿ ಬಂದ್, ಮೊಬೈಲು ಕಪಾಟಿನೊಳಗೆ. ಮಗುವಿನದು ಮಾತ್ರವಲ್ಲ, ನಿಮ್ಮದೂ! ಮೂರು, ನೆಂಟರ ಮದುವೆ, ಅಡಿಕೆ ಸುಲಿತ, ಜಾತ್ರೆ ಎಂದು ಶಾಲೆ ಬಿಡಿಸಬೇಡಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ ಪರೀಕ್ಷೆಯ ಹೊಸ್ತಿಲಲ್ಲೇ ಬರುತ್ತದೆ. ಮನೆ ತುಂಬ ಬೀಗರು, ನೆಂಟರು. ಆ ವಾರ ಓದುವ ಮಗುವಿಗೆ ಪಕ್ಕದ ಮನೆಯಲ್ಲೋ ಶಾಲೆಯಲ್ಲೋ ಒಂದು ಮೂಲೆ ಹುಡುಕಿಕೊಡಿ. ಅಮ್ಮ ಮುನಿಯುವುದಿಲ್ಲ.

ಇನ್ನು ಶಾಲೆಯ ಪಾಲು. ಒಂದು, ಮಗು ಮೂರು ದಿನ ಹೇಳದೆ ಕೇಳದೆ ಬರದಿದ್ದರೆ ಮನೆಗೆ ಫೋನು ಹೋಗಲಿ. ಫೋನು ಸಿಗದಿದ್ದರೆ ಬಿಸಿಯೂಟದ ಅಡುಗೆಯವರನ್ನು ಕೇಳಿ. 2002ರಲ್ಲಿ ಅಕ್ಷರ ದಾಸೋಹ ಶುರುವಾದಾಗಿನಿಂದ ಊರಿನ ಹೆಂಗಸರೇ ಶಾಲೆಯಲ್ಲಿ ಅಡುಗೆ ಮಾಡಿ ಬಡಿಸ್ತಾರೆ. ಯಾರ ಮನೆಯಲ್ಲಿ ಜ್ವರ, ಯಾರು ಗುಳೆ ಹೋದರು, ಯಾವ ಹುಡುಗಿಗೆ ಗಂಡು ನೋಡ್ತಿದ್ದಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಹಾಜರಿ ಪುಸ್ತಕಕ್ಕೆ ಗೊತ್ತಿಲ್ಲ. ಎರಡು, ಸಭೆಯನ್ನು ಪೋಷಕರ ಹೊತ್ತಿಗೆ ಇಡಿ. ಸಂಜೆ ಏಳಕ್ಕೆ ಕೇರಿಯ ಗುಡಿ ಕಟ್ಟೆಯ ಮೇಲೆ ಇಟ್ಟರೆ ಕೂಲಿ ಬಿಟ್ಟು ಬರಬೇಕಾಗಿಲ್ಲ. ಅಂಗಡಿ ಬೀದಿಯ ಪೋಷಕರಿಗೆ ವಾರದ ರಜೆಯ ದಿನ ಕರೆಯಿರಿ. ಇದಕ್ಕೆ ಬದಲಾಗಿ ಮೇಷ್ಟ್ರಿಗೆ ಆ ದಿನದ ಮಟ್ಟಿಗೆ ಬಿಡುವು ಕೊಡುವುದು ಇಲಾಖೆಯ ಜವಾಬ್ದಾರಿ. ಮೂರು, ಬಂದವರಿಗೆ ಮೊದಲು ಮಗುವಿನ ಒಂದು ಒಳ್ಳೆಯ ಗುಣ ಹೇಳಿ, ಆಮೇಲೆ ಕೊರತೆ ಹೇಳಿ. ಹತ್ತು ಜನರೆದುರು ಹೇಳಬೇಡಿ. ಎದ್ದು ಹೋಗುವ ಮುಂಚೆ ಈ ತಿಂಗಳು ಮಾಡಬೇಕಾದ ಒಂದೇ ಒಂದು ಕೆಲಸವನ್ನು ಕೈಗೆ ಕೊಡಿ.

ಫೇಲಾದ ಮರುದಿನ

ಕೊನೆಯದಾಗಿ, ತೀರಾ ಮುಖ್ಯವಾದದ್ದು. ಎಸ್ಸೆಸ್ಸೆಲ್ಸಿಗೆ 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಯ ವ್ಯವಸ್ಥೆ ಬಂತು. ಮೊದಲನೆಯದರಲ್ಲಿ ಹೋದವನು ಎರಡನೆಯದಕ್ಕೆ ಕೂರಬಹುದು. ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಎರಡನೇ ಪರೀಕ್ಷೆಗೆ ಹೆಸರು ನೋಂದಾಯಿಸಲು ಸಿಗುವ ದಿನ ಬಹಳ ಕಡಿಮೆ. ಆ ದಿನಗಳಲ್ಲೇ ಮನೆಯಲ್ಲಿ ಅಳು, ಬೈಗಳ, ಮೌನ. ಮಗ ಶಾಲೆ ಕಡೆ ತಲೆ ಹಾಕಲು ನಾಚುತ್ತಾನೆ. ಅಪ್ಪನಿಗೆ ಕೋಪ. ಗಡುವು ಮುಗಿದೇ ಹೋಗುತ್ತದೆ. ಮರುವಾರ ಹುಡುಗ ಗ್ಯಾರೇಜಿನಲ್ಲೋ ಹೋಟೆಲಿನಲ್ಲೋ ಸಿಗುತ್ತಾನೆ. ಹುಡುಗಿಯಾದರೆ ಮದುವೆಯ ಮಾತು ಶುರು.

ಇಲ್ಲಿ ಶಾಲೆಯೂ ಮನೆಯೂ ಒಂದಾಗದಿದ್ದರೆ ಇನ್ನೆಲ್ಲಿ ಒಂದಾಗಬೇಕು? ಫಲಿತಾಂಶದ ಸಂಜೆಯೇ ಫೇಲಾದ ಪ್ರತಿಯೊಂದು ಮಗುವಿನ ಮನೆಗೂ ಶಾಲೆಯಿಂದ ಒಂದು ಕರೆ ಹೋಗಬೇಕು. ಪಾಸಾದವರ ಫೋಟೋ ಬ್ಯಾನರು ಆಮೇಲೆ ಕಟ್ಟಿಸಿದರೂ ನಡೆಯುತ್ತದೆ. 'ನಾಳೆ ಬನ್ನಿ, ಫಾರಂ ತುಂಬೋಣ, ಹದಿನೈದು ದಿನ ಪಾಠ ಹೇಳಿಕೊಡ್ತೀವಿ' ಎಂಬ ಎರಡು ಮಾತು ಒಂದು ಬದುಕನ್ನು ಹಳಿಯ ಮೇಲೆ ಇಡಬಲ್ಲದು. ಆ ಕರೆ ಬರದಿದ್ದರೆ ಅಪ್ಪನೇ ಮಗನ ಕೈ ಹಿಡಿದು ಶಾಲೆಗೆ ಹೋಗಬೇಕು. ಬೈಯುವುದಿದ್ದರೆ ಫಾರಂ ತುಂಬಿದ ಮೇಲೆ ಬೈಯಲಿ!

ಜಿಲ್ಲೆಯ ಉಪನಿರ್ದೇಶಕರು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಶಾಲೆಗೆ ಭೇಟಿ ಕೊಟ್ಟಾಗ ಕೇಳಬೇಕಾದ ಪ್ರಶ್ನೆ ಮೂರೇ. ಈ ತಿಂಗಳು ಎಷ್ಟು ಮನೆಗೆ ಫೋನು ಹೋಯಿತು? ಪೋಷಕರ ಸಭೆ ಎಷ್ಟು ಹೊತ್ತಿಗೆ ಇಟ್ಟಿದ್ದಿರಿ? ಕಳೆದ ವರ್ಷ ಫೇಲಾದ ಮಕ್ಕಳು ಈಗ ಎಲ್ಲಿದ್ದಾರೆ? ಈ ಮೂರಕ್ಕೆ ಉತ್ತರವಿಲ್ಲದ ಶಾಲೆಯ ಕಡತ ಎಷ್ಟು ಅಚ್ಚುಕಟ್ಟಾಗಿದ್ದರೂ ಬೆಲೆ ಅಷ್ಟಕ್ಕಷ್ಟೆ.

ವ್ಯಾಪಾರಿ ಬಂಧುಗಳೇ, ಬಸ್ಸಿನ ಬಂಧುಗಳೇ, ನೀವೂ ಒಂದು ಪ್ರಶ್ನೆ ಕೇಳಬಹುದು. ಇವತ್ತು ರಾತ್ರಿ ಮನೆಗೆ ಹೋದ ಮೇಲೆ 'ಎಷ್ಟು ಮಾರ್ಕ್ಸ್ ಬಂತು?' ಎಂದು ಕೇಳಬೇಡಿ. 'ಇವತ್ತು ಕ್ಲಾಸಿನಲ್ಲಿ ಏನು ತಿಳೀಲಿಲ್ಲ?' ಎಂದು ಕೇಳಿ. ಆ ಉತ್ತರವನ್ನು ಒಂದು ಚೀಟಿಯಲ್ಲಿ ಬರೆಸಿ ನಾಳೆ ಮೇಷ್ಟ್ರಿಗೆ ಕಳಿಸಿ. ಶೇಕಡಾ 62ಕ್ಕೆ ಇಳಿದದ್ದು ಮೇಲೇಳಬೇಕಾದರೆ ಇಂಥ ಚೀಟಿಗಳಿಂದಲೇ ಶುರುವಾಗಬೇಕು.